ಎನ್‌ಎಡಿ ಡ್ರಿಪ್ ಹಾಕಿಸಿಕೊಂಡರೆ ನಲವತ್ತರ ಗಂಡಸಿಗೆ ಇಪ್ಪತ್ತರ ಹುರುಪು ಬರುತ್ತಾ?

ಸೋಫಾದಲ್ಲಿ ಕಾಲು ಚಾಚಿ ಕೂತ ಗಂಡಸು, ಕೈಗೆ ಸೂಜಿ, ಪಕ್ಕದ ಸ್ಟ್ಯಾಂಡಿನಲ್ಲಿ ಹಳದಿ ದ್ರವದ ಬಾಟಲಿ. ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಇವುಗಳಲ್ಲಿ ಹೆಚ್ಚಿನವು ಅಮೆರಿಕದ ‘ಮೆನ್ಸ್ ಹೆಲ್ತ್ ಕ್ಲಿನಿಕ್’ಗಳವು. ಟೆಸ್ಟೋಸ್ಟೆರಾನ್ ಇಂಜೆಕ್ಷನ್, ಕೂದಲು ಉದುರುವುದಕ್ಕೆ ಮದ್ದು, ಲೈಂಗಿಕ ಸಮಸ್ಯೆಗೆ ಮಾತ್ರೆ ಕೊಡುತ್ತಿದ್ದ ಈ ಕ್ಲಿನಿಕ್‌ಗಳು ಈಗ ವಿಟಮಿನ್ ಡ್ರಿಪ್ ಮತ್ತು ಎನ್‌ಎಡಿ ಡ್ರಿಪ್ ಕೂಡ ಮಾರುತ್ತಿವೆ. ಬೆಂಗಳೂರು, ಮುಂಬೈಯಂಥ ನಗರಗಳಿಗೂ ಈ ಗಾಳಿ ಬೀಸಿದೆ. ದಣಿವು ಹೋಗುತ್ತದೆ, ಮೆದುಳು ಚುರುಕಾಗುತ್ತದೆ, ವಯಸ್ಸೇ ಹಿಂದಕ್ಕೆ ಹೋಗುತ್ತದೆ ಎನ್ನುತ್ತವೆ ಫಾರ್ವರ್ಡ್‌ಗಳು.

ಎನ್‌ಎಡಿ ಅನ್ನುವ ವಸ್ತುವೇನೂ ಕಟ್ಟುಕಥೆಯಲ್ಲ. 1906ರಲ್ಲಿ ಬ್ರಿಟನ್ನಿನ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಯೀಸ್ಟ್ ರಸ ಸಕ್ಕರೆಯನ್ನು ಹೇಗೆ ಹುದುಗಿಸುತ್ತದೆ ಎಂದು ನೋಡುತ್ತಿದ್ದರು. ಕುದಿಸಿ ಸೋಸಿದ ಯೀಸ್ಟ್ ರಸ ತಾನಾಗಿ ಏನೂ ಮಾಡುವುದಿಲ್ಲ. ಆದರೆ ಅದನ್ನೇ ಹಸಿ ರಸಕ್ಕೆ ಬೆರೆಸಿದರೆ ಹುದುಗುವಿಕೆ ಜೋರಾಗುತ್ತದೆ. ಅಂದರೆ ಕುದಿಸಿದರೂ ಸಾಯದ ಯಾವುದೋ ಸಣ್ಣ ವಸ್ತು ಕಿಣ್ವಕ್ಕೆ ಕೈಜೋಡಿಸುತ್ತಿದೆ. ಆ ವಸ್ತುವಿನಲ್ಲಿ ಮುಖ್ಯವಾದದ್ದು ಎನ್‌ಎಡಿ. ಕಿಣ್ವದ ಜೊತೆಗಾರ ಆದ್ದರಿಂದ ಕೋಎಂಜೈಮ್ ಎಂಬ ಹೆಸರು. ಹುದುಗುವಿಕೆಯ ಈ ಸಂಶೋಧನೆಗೆ ಹಾರ್ಡನ್ ಮತ್ತು ಹಾನ್ಸ್ ಫಾನ್ ಆಯ್ಲರ್-ಕೆಲ್ಪಿನ್ 1929ರಲ್ಲಿ ನೊಬೆಲ್ ಹಂಚಿಕೊಂಡರು.

ನಮ್ಮ ಒಂದೊಂದು ಜೀವಕೋಶದಲ್ಲೂ ಎನ್‌ಎಡಿ ಕೂಲಿಯಾಳಿನಂತೆ ದುಡಿಯುತ್ತದೆ. ಉಂಡ ಅನ್ನದಿಂದ ಹೊರಬಂದ ಎಲೆಕ್ಟ್ರಾನ್‌ಗಳನ್ನು ಹೊತ್ತು ಮೈಟೊಕಾಂಡ್ರಿಯಾಗೆ ತಲುಪಿಸುತ್ತದೆ, ಖಾಲಿಯಾಗಿ ಮತ್ತೆ ಹೊರಲು ಬರುತ್ತದೆ. ಇದನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಕಚ್ಚಾವಸ್ತು ನಯಾಸಿನ್, ಅಂದರೆ ಬಿ3 ವಿಟಮಿನ್, ಮತ್ತು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ. ಶೇಂಗಾ, ಕೋಳಿ, ಮೀನು, ಬೇಳೆಕಾಳು ಇವುಗಳಿಂದ ಸಿಗುತ್ತದೆ.

ಕಚ್ಚಾವಸ್ತು ಸಿಗದಿದ್ದರೆ ಬರುವ ಕಾಯಿಲೆ ಪೆಲಾಗ್ರಾ: ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿಭ್ರಮೆ. ಇದು ನಮಗೆ ಹೊರಗಿನ ಕಾಯಿಲೆಯಲ್ಲ. ಜೋಳವನ್ನೇ ನೆಚ್ಚಿ ಬದುಕುತ್ತಿದ್ದ ದಖ್ಖನ್ ಸೀಮೆಯ ಬಡವರಲ್ಲಿ ಪೆಲಾಗ್ರಾ ಕಾಣಿಸುತ್ತಿತ್ತು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿಗೆ ಇದನ್ನು ಅಧ್ಯಯನ ಮಾಡಿ, ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಇದಕ್ಕೆ ಕಾರಣವಿರಬಹುದು ಎಂದು ವಾದಿಸಿದರು. (ಇದನ್ನು ಓದಿ ಜೋಳದ ರೊಟ್ಟಿ ಬಿಡಬೇಡಿ. ಜೊತೆಗೆ ಬೇಳೆ, ಕಾಳುಪಲ್ಯ, ಶೇಂಗಾ ಚಟ್ನಿ ಇದ್ದರೆ ತೊಂದರೆಯಿಲ್ಲ.) ಅಂಥ ರೋಗಿಗೆ ಬೇಕಾದದ್ದು ಕಡಿಮೆ ಬೆಲೆಯ ನಯಾಸಿನ್ ಮಾತ್ರೆ ಮತ್ತು ಒಳ್ಳೆಯ ಊಟ.

ರಕ್ತಕ್ಕೆ ಹೋದದ್ದು ಜೀವಕೋಶಕ್ಕೆ ಹೋಗುತ್ತಾ?

ವಯಸ್ಸಾದಂತೆ ಕೆಲವು ಅಂಗಾಂಶಗಳಲ್ಲಿ ಎನ್‌ಎಡಿ ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆ ಇದೆ. ‘ಹಾಗಾದರೆ ಹೊರಗಿನಿಂದ ತುಂಬಿಸೋಣ’ ಎನ್ನುವುದು ಕ್ಲಿನಿಕ್‌ಗಳ ತರ್ಕ. ಕೇಳಲು ಸರಿಯಾಗಿದೆ, ಆದರೆ ಎನ್‌ಎಡಿ ದೊಡ್ಡ ಅಣು. ಜೀವಕೋಶದ ಪೊರೆಯನ್ನು ಸುಲಭಕ್ಕೆ ದಾಟುವುದಿಲ್ಲ. ರಕ್ತಕ್ಕೆ ಬಿಟ್ಟದ್ದರಲ್ಲಿ ಬಹುಪಾಲನ್ನು ಜೀವಕೋಶಗಳ ಹೊರಮೈ ಮೇಲಿರುವ ಕಿಣ್ವಗಳು ಕತ್ತರಿಸಿ ನಿಕೋಟಿನಮೈಡ್‌ನಂಥ ತುಂಡುಗಳಾಗಿ ಮಾಡುತ್ತವೆ. ಆ ತುಂಡುಗಳು ಒಳಗೆ ಹೋದ ಮೇಲೆ ಮತ್ತೆ ಜೋಡಣೆಯಾಗಬೇಕು. ನಿಕೋಟಿನಮೈಡ್ ಅಂದರೆ ಬಿ3 ವಿಟಮಿನ್ನಿನದೇ ಒಂದು ರೂಪ, ಮೆಡಿಕಲ್ ಶಾಪಿನಲ್ಲಿ ಮಾತ್ರೆಯಾಗಿ ಸಿಗುವಂಥದ್ದು. ಅಮೆರಿಕದಲ್ಲಿ ಒಂದು ಸಲದ ಡ್ರಿಪ್ಪಿಗೆ ನೂರಾರು ಡಾಲರ್ ತೆರುವವರು ಇದನ್ನೊಮ್ಮೆ ಯೋಚಿಸಬಹುದು.

ಮನುಷ್ಯರ ಮೇಲಿನ ಪ್ರಯೋಗಗಳು ಬೆರಳೆಣಿಕೆಯಷ್ಟು. 2019ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ ಇದ್ದವರು 11 ಆರೋಗ್ಯವಂತ ಗಂಡಸರು. ಅವರಲ್ಲಿ 8 ಮಂದಿಗೆ 750 ಮಿಲಿಗ್ರಾಂ ಎನ್‌ಎಡಿಯನ್ನು 6 ಗಂಟೆ ಕಾಲ ನಿಧಾನವಾಗಿ ಏರಿಸಿದರು. ಮೊದಲ ಎರಡು ಗಂಟೆ ರಕ್ತದ್ರವದಲ್ಲಿ ಎನ್‌ಎಡಿ ಮಟ್ಟ ಏರಲೇ ಇಲ್ಲ. ಆಮೇಲೆ ಏರಿತು. ಅದು ನಾಳಕ್ಕೆ ಬಿಟ್ಟ ವಸ್ತು ಎಲ್ಲಿಗೆ ಹೋಗುತ್ತದೆ ಎಂದು ನೋಡಿದ ಪ್ರಯೋಗ, ಹುರುಪು ಬಂತೇ ಎಂದು ಅಳೆದದ್ದಲ್ಲ. ಎನ್‌ಎಡಿ ಆಗಿ ಬದಲಾಗುವ ನಿಕೋಟಿನಮೈಡ್ ರೈಬೊಸೈಡ್ ಎಂಬುದನ್ನು ಬಾಯಿಯ ಮೂಲಕ ಕೊಟ್ಟು ನೋಡಿದ 2018ರ ಡೆನ್ಮಾರ್ಕಿನ ಪ್ರಯೋಗವೂ ಗಂಡಸರ ಮೇಲೆಯೇ ನಡೆದದ್ದು: ದಪ್ಪ ಮೈಯ 40 ಮಂದಿ, 12 ವಾರ, ದಿನಕ್ಕೆ 2000 ಮಿಲಿಗ್ರಾಂ. ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿ ಸುಧಾರಿಸಲಿಲ್ಲ. ಇಲಿಗಳಲ್ಲಿ ಕಂಡ ಚಮತ್ಕಾರ ಮನುಷ್ಯರಲ್ಲಿ ಕಾಣದಿರುವುದು ಹೊಸದೇನಲ್ಲ. ದಣಿವು ಅಥವಾ ವಯಸ್ಸಿಗೆ ಮದ್ದೆಂದು ಎನ್‌ಎಡಿ ಇಂಜೆಕ್ಷನ್ನಿಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿಲ್ಲ.

ವಿಟಮಿನ್ ಬಾಟಲಿಯ ಕಥೆ ಇನ್ನೂ ಹಳೆಯದು. ಬಾಲ್ಟಿಮೋರ್‌ನ ವೈದ್ಯ ಜಾನ್ ಮೈಯರ್ಸ್ ಮೆಗ್ನೀಸಿಯಂ, ಕ್ಯಾಲ್ಸಿಯಂ, ಬಿ ವಿಟಮಿನ್‌ಗಳು, ಸಿ ವಿಟಮಿನ್ ಬೆರೆಸಿ ರೋಗಿಗಳ ನಾಳಕ್ಕೆ ಕೊಡುತ್ತಿದ್ದರು. ‘ಮೈಯರ್ಸ್ ಕಾಕ್‌ಟೇಲ್’ ಎಂಬ ಹೆಸರು ಅಲ್ಲಿಂದ ಬಂತು. ಫೈಬ್ರೊಮಯಾಲ್ಜಿಯಾ ಎಂಬ ಮೈನೋವಿನ ಕಾಯಿಲೆ ಇದ್ದ 34 ಜನರಲ್ಲಿ ಇದನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಜನಕ್ಕೆ ಕಾಕ್‌ಟೇಲ್, ಉಳಿದವರಿಗೆ ವಿಟಮಿನ್ ಇಲ್ಲದ ಬರೀ ದ್ರವ. ಎರಡೂ ಗುಂಪಿನವರು ಸುಧಾರಿಸಿದರು, ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಇದು ನಮಗೆ ಚೆನ್ನಾಗಿ ಗೊತ್ತಿರುವ ವಿಷಯವೇ. ‘ಸುಸ್ತು ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕ್ಬಿಡಿ’ ಎಂದು ಕೇಳುವವರು ಪ್ರತಿ ಊರಿನಲ್ಲೂ ಇದ್ದಾರೆ. ಶೇ. 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಚಮಚದಷ್ಟು. ಒಂದು ಲೋಟ ಪಾನಕ ಅದೇ ಕೆಲಸ ಮಾಡುತ್ತದೆ. ಆದರೂ ಹಾಸಿಗೆ ಮೇಲೆ ಒಂದು ಗಂಟೆ ಮಲಗಿ, ಯಾರೋ ವಿಚಾರಿಸಿಕೊಂಡು, ಬಾಟಲಿ ಹನಿ ಹನಿ ಇಳಿಯುವುದನ್ನು ನೋಡಿದರೆ ಅರ್ಧ ಸುಸ್ತು ಹೋಗಿರುತ್ತದೆ. ಮೆನ್ಸ್ ಕ್ಲಿನಿಕ್ಕಿನ ಸೋಫಾ ಇದರದೇ ದುಬಾರಿ ರೂಪ.

‘ಉಪಯೋಗ ಆಗದಿದ್ದರೂ ತೊಂದರೆಯಂತೂ ಇಲ್ಲವಲ್ಲ?’

ಇದೆ. ಎನ್‌ಎಡಿಯನ್ನು ಬೇಗ ಏರಿಸಿದರೆ ವಾಕರಿಕೆ, ಹೊಟ್ಟೆ ಹಿಡಿದುಕೊಳ್ಳುವುದು, ಎದೆ ಬಿಗಿತ ಬರಬಹುದು. ಅದಕ್ಕೇ ಗಂಟೆಗಟ್ಟಲೆ ಕೂರಿಸುತ್ತಾರೆ. ಗಂಡಸರು ವಿಶೇಷವಾಗಿ ತಿಳಿಯಬೇಕಾದದ್ದು ಜಿ6ಪಿಡಿ ಕೊರತೆಯ ಬಗ್ಗೆ. ಇದು ಹುಟ್ಟಿನಿಂದಲೇ ಬರುವ ಒಂದು ಕಿಣ್ವದ ಕೊರತೆ. ಅದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಗಂಡಸರಿಗೆ ಇರುವುದು ಒಂದೇ ಎಕ್ಸ್. ಹಾಗಾಗಿ ಕೊರತೆ ಕಾಣಿಸಿಕೊಳ್ಳುವುದು ಅವರಲ್ಲೇ ಹೆಚ್ಚು, ಎಷ್ಟೋ ಜನರಿಗೆ ತಮಗಿದೆ ಎಂದೇ ಗೊತ್ತಿರುವುದಿಲ್ಲ. ಇಂಥವರಿಗೆ ಭಾರಿ ಪ್ರಮಾಣದ ಸಿ ವಿಟಮಿನ್ ನಾಳಕ್ಕೆ ಕೊಟ್ಟರೆ ಕೆಂಪು ರಕ್ತಕಣಗಳು ಒಡೆದುಹೋಗಬಹುದು. ಕಿಡ್ನಿ ದುರ್ಬಲವಾಗಿದ್ದರೆ ಅದೇ ಸಿ ವಿಟಮಿನ್ ಆಕ್ಸಲೇಟ್ ಆಗಿ ಕಿಡ್ನಿಯಲ್ಲಿ ಕೂರಬಹುದು. ಸಕ್ಕರೆ ಕಾಯಿಲೆ ಇರುವವರ ಗ್ಲೂಕೋಮೀಟರ್ ಕೂಡ ತಪ್ಪು ಲೆಕ್ಕ ತೋರಿಸಬಹುದು.

ಬಾಟಲಿಗೆ ಔಷಧಿ ಬೆರೆಸುವ ಜಾಗದ ಶುಚಿತ್ವವೂ ಪ್ರಶ್ನೆಯೇ. ಬಾಯಿಂದ ಹೋದದ್ದಕ್ಕೆ ಹೊಟ್ಟೆ, ಲಿವರ್ ಎಂಬ ಕಾವಲುಗಾರರಿದ್ದಾರೆ, ನಾಳಕ್ಕೆ ಹೋದದ್ದಕ್ಕೆ ಯಾರೂ ಇಲ್ಲ. ಡ್ರಿಪ್ ಕ್ಲಿನಿಕ್‌ಗಳಲ್ಲಿ ಅಶುಚಿಯಾಗಿ ಔಷಧಿ ಬೆರೆಸುವ ಬಗ್ಗೆ ಎಫ್‌ಡಿಎ 2021ರಲ್ಲಿ ಎಚ್ಚರಿಸಿತ್ತು. ಡ್ರಿಪ್ಪಿನ ನಂತರ ಮಹಿಳೆಯೊಬ್ಬರು ಸತ್ತ ಮೇಲೆ ಟೆಕ್ಸಾಸ್ ರಾಜ್ಯ 2025ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು.

ಜಿಮ್, ಕ್ರೀಡೆ ಎಂದು ಓಡಾಡುವವರಿಗೆ ಇನ್ನೊಂದು ಮಾತು. ಅಮೆರಿಕದ ಒಲಿಂಪಿಕ್ ಈಜುಗಾರ ರಯಾನ್ ಲಾಕ್ಟಿ 2018ರಲ್ಲಿ ವಿಟಮಿನ್ ಡ್ರಿಪ್ ಹಾಕಿಸಿಕೊಂಡು ಫೋಟೋವನ್ನು ತಾವೇ ಇನ್‌ಸ್ಟಾಗ್ರಾಂಗೆ ಹಾಕಿದರು. ಅದರಲ್ಲಿ ನಿಷೇಧಿತ ಔಷಧಿ ಇರಲಿಲ್ಲ. ಆದರೆ ವೈದ್ಯಕೀಯ ಅಗತ್ಯವಿಲ್ಲದೆ 12 ಗಂಟೆಯೊಳಗೆ 100 ಮಿಲಿಲೀಟರ್‌ಗಿಂತ ಹೆಚ್ಚು ದ್ರವ ನಾಳಕ್ಕೆ ಹಾಕಿಸಿಕೊಳ್ಳುವುದೇ ನಿಯಮಬಾಹಿರ. 14 ತಿಂಗಳು ಅಮಾನತಾದರು.

ಹಾಗೆಂದು ನಾಳಕ್ಕೆ ವಿಟಮಿನ್ ಕೊಡುವುದೇ ಮೋಸವಲ್ಲ. ಕುಡಿತದಿಂದ ಬಿ1 ತೀರಾ ಕುಸಿದು ಮೆದುಳಿಗೆ ಪೆಟ್ಟು ಬೀಳುವ ಹಂತದಲ್ಲಿ ಆಸ್ಪತ್ರೆಯಲ್ಲಿ ಥಯಾಮಿನ್ ಡ್ರಿಪ್ಪನ್ನೇ ಕೊಡುತ್ತಾರೆ, ಅದು ಜೀವ ಉಳಿಸುತ್ತದೆ. ಅಲ್ಲಿ ರೋಗ ಏನೆಂದು ಮೊದಲು ನೋಡಿರುತ್ತಾರೆ. ಡ್ರಿಪ್ ಕ್ಲಿನಿಕ್ಕುಗಳಲ್ಲಿ ತಪ್ಪಿಹೋಗುವುದು ಇದೇ ಹೆಜ್ಜೆ, ನನಗೆ ಸೂಜಿಗಿಂತ ಹೆಚ್ಚು ಭಯ ಹುಟ್ಟಿಸುವುದೂ ಇದೇ. ನಲವತ್ತರ ಗಂಡಸು ಸದಾ ಸುಸ್ತು ಎಂದರೆ ಸಕ್ಕರೆ ಕಾಯಿಲೆ, ಥೈರಾಯ್ಡ್, ರಕ್ತಹೀನತೆ, ಖಿನ್ನತೆ, ಗೊರಕೆಯ ನಡುವೆ ಉಸಿರು ನಿಲ್ಲುವ ಸ್ಲೀಪ್ ಅಪ್ನಿಯಾ ಯಾವುದೂ ಇರಬಹುದು. ಸಸ್ಯಾಹಾರಿಯಾಗಿದ್ದರೆ ಬಿ12 ಕೊರತೆ ಇರಬಹುದು. ನಿಮಿರುವಿಕೆಯ ತೊಂದರೆಯಂತೂ ಎಷ್ಟೋ ಸಲ ಹೃದಯದ ರಕ್ತನಾಳ ಕಿರಿದಾಗುತ್ತಿರುವುದರ ಮುನ್ಸೂಚನೆ, ಏಕೆಂದರೆ ಶಿಶ್ನದ ಸಣ್ಣ ರಕ್ತನಾಳಗಳಲ್ಲಿ ಅಡಚಣೆ ಮೊದಲು ಕಾಣಿಸಿಕೊಳ್ಳುತ್ತದೆ. ನಾಚಿಕೆಯಿಂದ ಡಾಕ್ಟರ ಬಳಿ ಹೇಳದೆ ಡ್ರಿಪ್ ಹಾಕಿಸಿಕೊಂಡು ಬಂದವರಿಗೆ ಎರಡು ದಿನ ಹಗುರ ಅನ್ನಿಸಬಹುದು, ಅಡಚಣೆ ಮಾತ್ರ ಅಲ್ಲೇ ಇರುತ್ತದೆ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಇವಿಷ್ಟನ್ನೂ ನಿಮ್ಮೂರಿನ ಫ್ಯಾಮಿಲಿ ಡಾಕ್ಟರೇ ಬರೆದುಕೊಡುತ್ತಾರೆ.