ಹಚ್ಚೆ ಹಾಕಿಸಿಕೊಳ್ಳುವ ಮುನ್ನ ಗಿರಾಕಿ ತಿಳಿದಿರಬೇಕಾದ ಸಂಗತಿಗಳು

ಶ್ರೀರಂಗಪಟ್ಟಣದ ಗಂಜಾಂನಲ್ಲಿ ನಿಮಿಷಾಂಬ ದೇವಾಲಯದ ಮುಂದೆ ಹಬ್ಬದ ದಿನ ಸ್ವಲ್ಪ ಹೊತ್ತು ನಿಂತು ನೋಡಿದರೆ ಎರಡು ತಲೆಮಾರಿನ ಹಚ್ಚೆಗಳು ಕಣ್ಣಿಗೆ ಬೀಳುತ್ತವೆ. ಹಿರಿಯ ಹೆಂಗಸರ ಮುಂಗೈ ಮೇಲೆ ಹಸಿರುಗಟ್ಟಿ ಮಸುಕಾದ ಚುಕ್ಕೆಗಳು, ರಂಗೋಲಿಯ ಎಳೆಗಳು. ಅವರ ಕೈ ಹಿಡಿದು ಮೆಟ್ಟಿಲಿಳಿಸುವ ಮೊಮ್ಮಕ್ಕಳ ತೋಳಿನಲ್ಲಿ ತಾಯಿಯ ಹೆಸರು, ಸಿಂಹದ ಮುಖ, ಹುಟ್ಟಿದ ದಿನಾಂಕ. ಮೊದಲನೆಯದು ಮನೆಯ ಜಗಲಿಯ ಮೇಲೆ ಹಾಕಿಸಿಕೊಂಡದ್ದು. ಎರಡನೆಯದು ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಹವಾನಿಯಂತ್ರಿತ ಸ್ಟುಡಿಯೋದಲ್ಲಿ ಹಣ ಕೊಟ್ಟು ಕೊಂಡದ್ದು. ಗಂಜಾಂನಿಂದ ಮೈಸೂರಿಗೆ ಇಪ್ಪತ್ತು ಕಿಲೋಮೀಟರಿನಷ್ಟೂ ದಾರಿಯಿಲ್ಲವಾದುದರಿಂದ ನಮ್ಮ ವರ್ತಕ ಕುಟುಂಬಗಳ ಯುವಕ ಯುವತಿಯರು ಒಂದು ಭಾನುವಾರದಲ್ಲಿಯೇ ಹೋಗಿ ಈ ಕೆಲಸ ಮುಗಿಸಿಕೊಂಡು ಬರುತ್ತಾರೆ.

ಹಳೆಯ ಹಚ್ಚೆಯನ್ನು ಹಾಕುತ್ತಿದ್ದವರು ಊರೂರು ತಿರುಗುತ್ತಿದ್ದ ಕೊರವಂಜಿಯರು. ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳನ್ನು ಕುರಿತು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಸಂಪುಟಗಳಲ್ಲಿಯೂ ಕೊರವ ಸ್ತ್ರೀಯರ ಈ ಕಸುಬಿನ ಉಲ್ಲೇಖವಿದೆ. ದವಸವೋ ಚಿಲ್ಲರೆ ಕಾಸೋ ಕೂಲಿ. ಸಾಲಾಗಿ ಕುಳಿತವರ ಕೈಗೆಲ್ಲ ಅದೇ ಸೂಜಿ. ಅಂದಿನವರು ಅದರಲ್ಲಿ ಅಪಾಯ ಕಾಣಲಿಲ್ಲವೆಂದು ಇಂದು ದೂಷಿಸುವಂತಿಲ್ಲ. ಹೆಪಟೈಟಿಸ್ ಸಿ ವೈರಾಣುವನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ. ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ. ಆದರೆ ಎಲ್ಲವನ್ನೂ ಬಲ್ಲ ಇಂದಿನ ಗಿರಾಕಿಯು ಮೊಬೈಲ್ ಕವಚವನ್ನು ಕೊಳ್ಳುವಾಗ ಕೇಳುವಷ್ಟು ಪ್ರಶ್ನೆಗಳನ್ನೂ ಹಚ್ಚೆಯ ಅಂಗಡಿಯಲ್ಲಿ ಕೇಳದಿರುವುದು ಸೋಜಿಗದ ಸಂಗತಿ.

ಬಣ್ಣಕ್ಕೆ ಮುದ್ರೆಯಿಲ್ಲ

ತಲೆಗೆ ಧರಿಸುವ ಹೆಲ್ಮೆಟ್ಟಿಗೆ ಐಎಸ್‌ಐ ಮುದ್ರೆಯುಂಟು, ಒಡವೆಗೆ ಹಾಲ್‌ಮಾರ್ಕ್ ಉಂಟು, ಉಪ್ಪಿನಕಾಯಿಯ ಸೀಸೆಯ ಮೇಲೂ ಆಹಾರ ಸುರಕ್ಷತಾ ಪರವಾನಗಿಯ ಸಂಖ್ಯೆಯಿರುತ್ತದೆ. ಚರ್ಮದೊಳಗೆ ಸೇರಿ ಆಯುಷ್ಯವಿಡೀ ಉಳಿಯುವ ಹಚ್ಚೆಯ ಬಣ್ಣದ ವಿಷಯದಲ್ಲಿ ಮಾತ್ರ ಗಿರಾಕಿಯು ಅಂಥ ಮುದ್ರೆಯನ್ನು ನಂಬಿ ಹೋಗುವಂತಿರಲಿಲ್ಲ. 2025ರ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು, ಹಚ್ಚೆಯ ಬಣ್ಣದ ಮಾದರಿಗಳ ಪರೀಕ್ಷೆಯಲ್ಲಿ ಸೆಲೆನಿಯಂ, ಕ್ರೋಮಿಯಂ, ಆರ್ಸೆನಿಕ್ ಮುಂತಾಗಿ 22 ಬಗೆಯ ಲೋಹಾಂಶಗಳು ಕಂಡುಬಂದಿವೆಯೆಂದೂ, ಇದಕ್ಕೆ ಮಾನಕಗಳನ್ನು ಗೊತ್ತುಪಡಿಸುವಂತೆ ಕೇಂದ್ರ ಸರ್ಕಾರವನ್ನು ಕೋರಲಾಗುವುದೆಂದೂ ತಿಳಿಸಿದರು. ಐರೋಪ್ಯ ಒಕ್ಕೂಟವು 2022ರ ಜನವರಿ 4ರಿಂದ ಹಚ್ಚೆಯ ಬಣ್ಣಗಳಲ್ಲಿ ಸಾವಿರಾರು ರಾಸಾಯನಿಕಗಳ ಬಳಕೆಯನ್ನು ನಿರ್ಬಂಧಿಸಿದೆ. ಒಂದು ಬಗೆಯ ನೀಲಿಗೂ ಒಂದು ಬಗೆಯ ಹಸಿರಿಗೂ ಮಾತ್ರ ಒಂದು ವರ್ಷದ ಹೆಚ್ಚಿನ ಕಾಲಾವಕಾಶ ಕೊಟ್ಟು, 2023ರ ಜನವರಿಯಿಂದ ಅವುಗಳನ್ನೂ ನಿರ್ಬಂಧದೊಳಗೆ ತಂದಿತು.

ಒಡೆಯದ ಸೀಸೆಯೆಂದರೆ ಶುದ್ಧವೆಂಬ ನಂಬಿಕೆಯೂ ಸರಿಯಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳು 14 ತಯಾರಕರ 75 ಮೊಹರು ಒಡೆಯದ ಸೀಸೆಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವರದಿಯಂತೆ ಅವುಗಳಲ್ಲಿ 26 ಸೀಸೆಗಳಲ್ಲಿ ಬ್ಯಾಕ್ಟೀರಿಯಾಗಳಿದ್ದವು. ಅಂದರೆ ಮೂರಕ್ಕೊಂದಕ್ಕಿಂತ ಹೆಚ್ಚು.

ಹಾಗಾದರೆ ಸೀಸೆಯನ್ನು ಪರೀಕ್ಷಿಸುವುದು ಹೇಗೆ? ಪ್ರಯೋಗಾಲಯದ ಪರೀಕ್ಷೆ ಗಿರಾಕಿಯ ಕೈಯಲ್ಲಿಲ್ಲ. ಆದರೆ ಚೀಟಿಯನ್ನು ಓದುವುದು ನಮ್ಮ ವರ್ತಕರಿಗೆ ಯಾರೂ ಕಲಿಸಬೇಕಾಗಿಲ್ಲ. ಪೊಟ್ಟಣೀಕೃತ ಸರಕುಗಳ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಆಮದು ಮಾಡಿದ ಸರಕಿನ ಮೇಲೆ ಆಮದುದಾರನ ಹೆಸರು, ವಿಳಾಸ, ಮೂಲ ದೇಶ ಮತ್ತು ಗರಿಷ್ಠ ಮಾರಾಟ ಬೆಲೆ ನಮೂದಾಗಿರಬೇಕು. ವಿದೇಶಿ ಬ್ರಾಂಡಿನ ಬಣ್ಣವೆಂದು ಹೇಳಿ ತೋರಿಸಿದ ಸೀಸೆಯ ಮೇಲೆ ಆಮದುದಾರನ ಚೀಟಿಯೇ ಇಲ್ಲದಿದ್ದರೆ, ತಂಡ ಸಂಖ್ಯೆ ಉಜ್ಜಿ ಹೋಗಿದ್ದರೆ, ಬಳಕೆಯ ಅವಧಿ ಕಾಣದಿದ್ದರೆ, ಆ ಸೀಸೆ ಯಾವ ದಾರಿಯಿಂದ ಬಂದಿತೆಂಬ ಸಂಶಯಕ್ಕೆ ಆಧಾರವಿದೆ. ಹಳೆಯ ಸೀಸೆಗೆ ಅಗ್ಗದ ಸರಕು ತುಂಬುವ ವಿದ್ಯೆ ಎಣ್ಣೆ ವ್ಯಾಪಾರದಲ್ಲಿ ಮಾತ್ರ ಇದೆಯೆಂದು ಭಾವಿಸಬೇಕಾಗಿಲ್ಲ.

ಸೂಜಿ, ಕೈಗವಸು, ಬಟ್ಟಲು

ಗಿರಾಕಿಯು ಕುರ್ಚಿಯಲ್ಲಿ ಕುಳಿತ ನಂತರದ ಹತ್ತು ನಿಮಿಷ ಮಾತು ಕಡಿಮೆ ಮಾಡಿ ನೋಡುವುದೇ ಮುಖ್ಯ. ಸೂಜಿಯು ಮೊಹರಾದ ಪೊಟ್ಟಣದಲ್ಲಿದ್ದು ಕಣ್ಣೆದುರಿಗೇ ಒಡೆಯಲ್ಪಡಬೇಕು. ಪೊಟ್ಟಣದ ಮೇಲೆ ಕ್ರಿಮಿಶುದ್ಧೀಕರಣದ ಗುರುತು ಮತ್ತು ಅವಧಿಯ ದಿನಾಂಕ ಇರುತ್ತದೆ. ಬಣ್ಣವನ್ನು ದೊಡ್ಡ ಸೀಸೆಯಿಂದ ಒಮ್ಮೆ ಬಳಸಿ ಎಸೆಯುವ ಪುಟ್ಟ ಬಟ್ಟಲಿಗೆ ಸುರಿದುಕೊಳ್ಳಬೇಕು. ಉಳಿದದ್ದನ್ನು ಮರಳಿ ಸೀಸೆಗೆ ಸುರಿಯುವುದು ಕಂಡರೆ ಎದ್ದು ಬರುವುದೇ ಲೇಸು, ಏಕೆಂದರೆ ಹಿಂದಿನ ಗಿರಾಕಿಯ ಬಣ್ಣವೂ ಹಾಗೆಯೇ ಮರಳಿರುತ್ತದೆ. ಬಣ್ಣವನ್ನು ತೆಳುಗೊಳಿಸಲು ನಲ್ಲಿಯ ನೀರು ಬಳಸಕೂಡದು, ಶುದ್ಧೀಕರಿಸಿದ ನೀರೇ ಆಗಬೇಕು. ಕೂದಲು ತೆಗೆಯುವ ಬ್ಲೇಡು ಹೊಸದಾಗಿರಬೇಕು. ನಡುವೆ ಫೋನ್ ಎತ್ತಿಕೊಂಡ ಕಲಾವಿದನು ಕೈಗವಸು ಬದಲಿಸದೆ ಮತ್ತೆ ಸೂಜಿ ಹಿಡಿದರೆ, ಫೋನಿನ ಮೇಲಿನ ಕೊಳೆಯೆಲ್ಲ ಗಾಯಕ್ಕೆ ಬಂದಂತೆಯೇ ಸರಿ.

ಮರುಬಳಕೆಯ ಲೋಹದ ಭಾಗಗಳಿದ್ದರೆ ಅವು ಆಟೋಕ್ಲೇವ್ ಎಂಬ ಒತ್ತಡದ ಹಬೆಯ ಯಂತ್ರದಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶುದ್ಧವಾಗಬೇಕು. ಕುದಿಯುವ ನೀರಿನಲ್ಲಿ ಅದ್ದಿದ್ದೇವೆ, ಸ್ಪಿರಿಟ್ಟಿನಲ್ಲಿ ಒರೆಸಿದ್ದೇವೆ ಎಂಬ ಉತ್ತರಗಳು ಸಾಲವು. ಜಾತ್ರೆಗಳಲ್ಲಿ ಬ್ಯಾಟರಿಯ ಯಂತ್ರವಿಟ್ಟುಕೊಂಡು ಕೂರುವವರಲ್ಲಿ ಇವುಗಳನ್ನೆಲ್ಲ ನಿರೀಕ್ಷಿಸುವುದು ಕಷ್ಟ.

ಹೆಪಟೈಟಿಸ್ ಬಿ ಲಸಿಕೆಯನ್ನು ಮೊದಲೇ ಹಾಕಿಸಿಕೊಳ್ಳುವುದುಂಟು. ಮೂರು ಮಾತ್ರೆಗಳ ಈ ಲಸಿಕೆಯು ಮುಗಿಯಲು ಆರು ತಿಂಗಳು ಬೇಕು. ಇಲ್ಲಿ ಮಾತ್ರೆಯೆಂದರೆ ಗುಳಿಗೆಯಲ್ಲ, ಚುಚ್ಚುಮದ್ದಿನ ಪ್ರಮಾಣ. ಹೆಪಟೈಟಿಸ್ ಸಿ ಮತ್ತು ಎಚ್‌ಐವಿಗೆ ಲಸಿಕೆಯೇ ಇಲ್ಲ. ಮಧುಮೇಹವುಳ್ಳವರು, ರಕ್ತ ತೆಳುವಾಗುವ ಗುಳಿಗೆ ಸೇವಿಸುವವರು, ಗಾಯದ ಕಲೆ ಉಬ್ಬಿ ಬೆಳೆಯುವ ಚರ್ಮದವರು ವೈದ್ಯರನ್ನು ಕೇಳಿಯೇ ಮುಂದುವರಿಯತಕ್ಕದ್ದು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತೇ ದಿನ ಕಳೆಯುವ ವರ್ತಕ ವರ್ಗದಲ್ಲಿ ಮಧುಮೇಹ ಅಪರೂಪವಲ್ಲವಾದುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷದವರೆಗೆ ರಕ್ತದಾನಕ್ಕೆ ಅರ್ಹರಾಗುವುದಿಲ್ಲವೆಂಬುದನ್ನೂ, ರಕ್ತದಾನ ಶಿಬಿರಗಳಿಗೆ ಹೆಸರು ಕೊಡುವ ಸದಸ್ಯರು ಗಮನಿಸಬೇಕು.

ಹೊಸ ಹಚ್ಚೆಯೆಂದರೆ ಗಾಯವೇ. ಮೇಲ್ಚರ್ಮ ಕೂಡಿಕೊಳ್ಳಲು ಎರಡು ಮೂರು ವಾರಗಳು ಬೇಕು. ಅಲ್ಲಿಯವರೆಗೆ ಹೊಳೆ, ಕೆರೆ, ಈಜುಕೊಳಗಳಲ್ಲಿ ಮುಳುಗಕೂಡದು. ಗಂಜಾಂನವರಿಗೆ ನಿಮಿಷಾಂಬ ದೇವಾಲಯದ ಸ್ನಾನಘಟ್ಟವೂ ಸಂಗಮವೂ ಮನೆಯ ಬಾಗಿಲಲ್ಲಿರುವುದರಿಂದ ದಿನ ನೋಡಿ ಹಚ್ಚೆ ಹಾಕಿಸಿಕೊಳ್ಳುವುದು ಒಳಿತು. ಹಬ್ಬದ ಹಿಂದಿನ ವಾರ ಹಾಕಿಸಿಕೊಂಡು ಹಬ್ಬದಂದು ಕಾವೇರಿಯಲ್ಲಿ ಮಿಂದರೆ ಸೋಂಕನ್ನು ಕರೆದು ತಂದಂತಾಗುತ್ತದೆ. ಕೆಂಪು ಹರಡಿದರೆ, ಕೀವು ಬಂದರೆ, ಜ್ವರ ಕಂಡರೆ ಅರಿಸಿನ ಹಚ್ಚಿ ಕಾಯದೆ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೋ, ನಾಗಮಂಗಲದ ಕಡೆಯವರಾದರೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಗೋ ಹೋಗತಕ್ಕದ್ದು.

ಕೆಲಸದ ಅರ್ಜಿ ಮತ್ತು ಎಡ ಮುಂಗೈ

ಬೆಲ್ಲದ ವರ್ತಕರೊಬ್ಬರ ಮಗನು ಅರೆಸೈನಿಕ ಪಡೆಯ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಿ, ಲಿಖಿತ ಪರೀಕ್ಷೆಯಲ್ಲಿಯೂ ಓಟದಲ್ಲಿಯೂ ತೇರ್ಗಡೆಯಾದನೆಂದು ಇಟ್ಟುಕೊಳ್ಳೋಣ. ವೈದ್ಯಕೀಯ ತಪಾಸಣೆಯ ದಿನ ಅವನ ಬಲ ಮುಂಗೈಯ ಮೇಲಿನ ಹಚ್ಚೆಯೊಂದೇ ಅವನನ್ನು ಹೊರಗೆ ನಿಲ್ಲಿಸಬಲ್ಲದು. ಸಿಬ್ಬಂದಿ ನೇಮಕಾತಿ ಆಯೋಗವು ಈ ಹುದ್ದೆಗಳಿಗೆ ಹೊರಡಿಸುವ ಪ್ರಕಟಣೆಗಳಲ್ಲಿ ಧಾರ್ಮಿಕ ಚಿಹ್ನೆ ಮತ್ತು ಹೆಸರುಗಳಿಗೆ ಅವಕಾಶವಿದ್ದರೂ, ಹಚ್ಚೆಯು ಮುಂಗೈಯ ಒಳಭಾಗದಲ್ಲಿ, ಅದೂ ವಂದನೆ ಸಲ್ಲಿಸದ ಎಡಗೈಯಲ್ಲಿ ಅಥವಾ ಅಂಗೈಯ ಹಿಂಭಾಗದಲ್ಲಿ ಇರಬೇಕೆಂದೂ, ಆ ಅಂಗದ ಕಾಲು ಭಾಗಕ್ಕಿಂತ ಚಿಕ್ಕದಾಗಿರಬೇಕೆಂದೂ ಹೇಳಿದೆ. ಭೂಸೇನೆಗೆ ಸೇರಬಯಸುವವರಿಗೂ ಇದೇ ಬಗೆಯ ಮಿತಿಗಳುಂಟು. ನಾಲ್ಕು ತಾಲ್ಲೂಕುಗಳಲ್ಲಿ ಸೇನೆ, ಪೊಲೀಸು ಎಂದು ಬೆಳಗಿನ ಜಾವ ಓಡುವ ಹುಡುಗರು ಇರುವಾಗ, ಪ್ರಕಟಣೆಯನ್ನು ಓದದೆ ಸ್ಟುಡಿಯೋ ಮೆಟ್ಟಿಲು ಹತ್ತುವುದು ವರ್ಷಗಳ ಶ್ರಮವನ್ನು ಪಣಕ್ಕಿಟ್ಟಂತೆ.

ಲೇಸರಿನಿಂದ ತೆಗೆಸಬಹುದಲ್ಲವೇ ಎನ್ನುವವರುಂಟು. ತೆಗೆಸಬಹುದು, ಆದರೆ ಒಂದೇ ಸಲಕ್ಕೆ ಅಲ್ಲ. ವಾರಗಳ ಅಂತರದಲ್ಲಿ ಹಲವು ಬಾರಿ ಹೋಗಬೇಕು. ಕಪ್ಪು ಬೇಗ ಮಸುಕಾಗುತ್ತದೆ, ಹಸಿರು ಹಳದಿಗಳು ಹಟ ಹಿಡಿಯುತ್ತವೆ. ನಮ್ಮ ಮೈಬಣ್ಣದ ಚರ್ಮದಲ್ಲಿ ಬಿಳಿ ಕಲೆ ಉಳಿಯುವ ಸಂಭವವೂ ಇದೆ. ಹಾಕಿಸಲು ಆದ ವೆಚ್ಚಕ್ಕಿಂತ ತೆಗೆಸುವ ವೆಚ್ಚ ಹೆಚ್ಚಾಗುವುದು ಸಾಮಾನ್ಯ.

ಹದಿನೆಂಟು ತುಂಬದವರ ವಿಷಯ ಬೇರೆ. 1872ರ ಭಾರತೀಯ ಕರಾರು ಅಧಿನಿಯಮದ 11ನೆಯ ಪ್ರಕರಣದಂತೆ ಅಪ್ರಾಪ್ತ ವಯಸ್ಕನು ಕರಾರು ಮಾಡಿಕೊಳ್ಳಲು ಅರ್ಹನಲ್ಲ. ಅಂಥ ಕರಾರು ಆದಿಯಿಂದಲೇ ಶೂನ್ಯವೆಂದು ಮೋಹರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1903ರಲ್ಲಿಯೇ ತೀರ್ಪಿತ್ತಿದೆ. ಆದುದರಿಂದ ಕಾಲೇಜು ಹುಡುಗನ ಸಹಿ ಪಡೆದು ಹಚ್ಚೆ ಹಾಕಿದ ಸ್ಟುಡಿಯೋದವನಿಗೆ ಆ ಕಾಗದ ರಕ್ಷೆಯಾಗಲಾರದು. ವಯಸ್ಸಿನ ದಾಖಲೆ ಕೇಳದ ಅಂಗಡಿಯು ಉಳಿದ ವಿಷಯಗಳಲ್ಲಿ ಎಚ್ಚರವಹಿಸುತ್ತದೆಯೆಂದು ನಂಬುವುದಾದರೂ ಹೇಗೆ?

ದರ, ರಸೀದಿ ಮತ್ತು ಸಹಿ

ದರವನ್ನು ಹೇಳುವ ಕ್ರಮಗಳು ಎರಡು, ಚದರ ಅಂಗುಲಕ್ಕೆ ಇಷ್ಟು ಅಥವಾ ಗಂಟೆಗೆ ಇಷ್ಟು. ಚದರ ಅಂಗುಲದ ಲೆಕ್ಕದಲ್ಲಿ ಜಗಳ ಹುಟ್ಟುವುದು ಅಳತೆಯಲ್ಲಿ. ಚದರ ಅಂಗುಲಕ್ಕೆ 500 ರೂ. ಎಂದು ಫಲಕದಲ್ಲಿದೆ ಎಂದುಕೊಳ್ಳಿ. ಆರು ಅಂಗುಲ ಉದ್ದದ ತೆಳುವಾದ ನವಿಲುಗರಿಯನ್ನು ಸುತ್ತಲೂ ಚೌಕಟ್ಟು ಹಾಕಿ ಅಳೆದರೆ 6 ಗುಣಿಸು 2, ಅಂದರೆ 12 ಚದರ ಅಂಗುಲವಾಗಿ 6,000 ರೂ. ಆಗುತ್ತದೆ. ಬಣ್ಣ ತುಂಬಿದ ಜಾಗ ಮಾತ್ರ ಅಳೆದರೆ ಅದು ಐದು ಚದರ ಅಂಗುಲವೂ ಇರಲಿಕ್ಕಿಲ್ಲ, 2,500 ರೂ. ಮೀರುವುದಿಲ್ಲ. ಎರಡೂ ಲೆಕ್ಕಗಳು ಅವರವರ ದೃಷ್ಟಿಯಲ್ಲಿ ಸರಿ. ಆದರೆ ಯಾವ ಲೆಕ್ಕವೆಂಬುದು ಸೂಜಿ ತಾಗುವ ಮೊದಲೇ ಕಾಗದದ ಮೇಲೆ ಇರಬೇಕು. ಬಣ್ಣದ ಹಚ್ಚೆಗೆ ದರ ಬೇರೆಯೇ, ಕನಿಷ್ಠ ಶುಲ್ಕವೆಷ್ಟು, ಗಾಯ ಮಾಗಿದ ಮೇಲೆ ಮಸುಕಾದ ಗೆರೆಗಳನ್ನು ತಿದ್ದಿಕೊಡುವುದು ಇದರಲ್ಲಿಯೇ ಸೇರಿದೆಯೇ, ಮುಂಗಡ ಕೊಟ್ಟ ಮೇಲೆ ಮನಸ್ಸು ಬದಲಾದರೆ ಹಣ ಮರಳುವುದೇ ಎಂಬುವನ್ನೂ ಆಗಲೇ ಕೇಳಿಬಿಡುವುದು ಉತ್ತಮ.

ಕನ್ನಡದಲ್ಲಿ ಹೆಸರು ಬರೆಸುವವರು ಕರಡನ್ನು ಕಾಗದದ ಮೇಲೆ ಬರೆಸಿ, ಕನ್ನಡ ಬಲ್ಲ ಇನ್ನೊಬ್ಬರಿಂದ ಓದಿಸಬೇಕು. ಹೊರರಾಜ್ಯದ ಕಲಾವಿದನಿಗೆ ದೀರ್ಘವೂ ಒತ್ತಕ್ಷರವೂ ಬರಿಯ ಚಿತ್ರಗಳು. ತಾಯಿಯ ಹೆಸರಿನಲ್ಲಿ ಒಂದು ಕೊಂಬು ತಪ್ಪಿದರೆ ಅದನ್ನು ಜೀವಮಾನವೆಲ್ಲ ಹೊತ್ತು ತಿರುಗಬೇಕಾಗುತ್ತದೆ.

ರಸೀದಿ ಬೇಡವೆಂದು ನೂರಿನ್ನೂರು ರೂಪಾಯಿ ಉಳಿಸುವ ಚಪಲ ಇಲ್ಲಿ ಸಲ್ಲದು. ಸೇವೆ ಒದಗಿಸುವವರಿಗೆ ಕರ್ನಾಟಕದಲ್ಲಿ ಸರಕು ಮತ್ತು ಸೇವಾ ತೆರಿಗೆಯ ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂ. ವಹಿವಾಟು. ಅದಕ್ಕಿಂತ ಕಡಿಮೆಯಿದ್ದು ನೋಂದಾಯಿಸದ ಸ್ಟುಡಿಯೋ ತೆರಿಗೆಯನ್ನು ವಸೂಲು ಮಾಡುವಂತಿಲ್ಲ. ತೆರಿಗೆ ಹಾಕಿದ್ದರೆ ರಸೀದಿಯಲ್ಲಿ 15 ಅಕ್ಷರಾಂಕಗಳ ನೋಂದಣಿ ಸಂಖ್ಯೆ ಇರಲೇಬೇಕು. ಕರ್ನಾಟಕದಲ್ಲಿ ನೋಂದಾಯಿಸಿದ್ದಾದರೆ ಅದು 29ರಿಂದ ಆರಂಭವಾಗುತ್ತದೆ. ರಸೀದಿಯ ಹಿಂಬದಿಯಲ್ಲಿ ಬಳಸಿದ ಬಣ್ಣದ ಬ್ರಾಂಡು ಮತ್ತು ತಂಡ ಸಂಖ್ಯೆಯನ್ನು ಬರೆಸಿಕೊಂಡರೆ ಮುಂದೆ ಚರ್ಮವೈದ್ಯರಿಗೂ ಅದು ಉಪಯುಕ್ತ. ಸೀಸೆಯ ಮತ್ತು ಸೂಜಿ ಪೊಟ್ಟಣದ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

ಕೆಲಸ ಆರಂಭಿಸುವ ಮುನ್ನ ಸ್ಟುಡಿಯೋದವರು ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ. ಏನೇ ಆದರೂ ನಾವು ಹೊಣೆಯಲ್ಲವೆಂಬ ಸಾಲು ಅದರಲ್ಲಿದ್ದರೂ, ನಿರ್ಲಕ್ಷ್ಯದಿಂದ ಆದ ಹಾನಿಯ ಹೊಣೆ ಅಷ್ಟರಿಂದಲೇ ತಪ್ಪಿಹೋಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಸೇವಾ ನ್ಯೂನತೆಗೆ ದೂರು ಕೊಡಬಹುದು. ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಆ ಅಧಿನಿಯಮ ಅವಕಾಶ ಕೊಟ್ಟಿದೆ. ಹೀಗಾಗಿ ಬೆಂಗಳೂರಿನಲ್ಲಿಯೋ ಗೋವೆಯಲ್ಲಿಯೋ ಹಚ್ಚೆ ಹಾಕಿಸಿಕೊಂಡ ಗಂಜಾಂನ ಗಿರಾಕಿಯು ಮಂಡ್ಯದ ಜಿಲ್ಲಾ ಆಯೋಗದ ಮುಂದೆಯೇ ಹೋಗಬಹುದು. ಪಾವತಿಸಿದ ಪ್ರತಿಫಲ 5 ಲಕ್ಷ ರೂ.ವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ವ್ಯಾಜ್ಯಕಾರಣ ಹುಟ್ಟಿದಂದಿನಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ನೋಂದಾಯಿಸಬಹುದು. ಕರೆ ಮಾಡುವಾಗ ರಸೀದಿ, ಒಪ್ಪಿಗೆ ಪತ್ರದ ಪ್ರತಿ, ವೈದ್ಯರ ಚೀಟಿ ಹಾಗೂ ಛಾಯಾಚಿತ್ರಗಳು ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ.