ಇಲಿಗಳಿಂದ ಬರುವ ಜ್ವರಗಳೂ ಅವುಗಳ ನಿವಾರಣೋಪಾಯಗಳೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಪ್ರಾಂತದ ಒಕ್ಕಲಿಗರು ಇಲಿ ಹೆಗ್ಗಣಗಳನ್ನು ತೊಗರಿ ಜೋಳಗಳನ್ನು ತಿಂದು ಹಾಳುಮಾಡುವ ಪ್ರಾಣಿಗಳೆಂದು ಮಾತ್ರ ಎಣಿಸುವರು. ಧಾನ್ಯದ ನಷ್ಟವನ್ನು ಮುಂದಿನ ಸುಗ್ಗಿಯಲ್ಲಿ ತುಂಬಿಕೊಳ್ಳಬಹುದು. ಆದರೆ ಅವುಗಳ ಮೂತ್ರ ಹಿಕ್ಕೆಗಳಿಂದ ಹರಡುವ ಜ್ವರಗಳು ದುಡಿಯುವ ಆಳಿನ ಪ್ರಾಣವನ್ನೇ ತೆಗೆಯಬಲ್ಲವು. ಈ ಜ್ವರಗಳು ಮುಖ್ಯವಾಗಿ ಎರಡು ದಾರಿಗಳಿಂದ ಬರುವುವು: ಒಂದು ನೀರು, ಇನ್ನೊಂದು ಧೂಳು.

ನೀರಿನಿಂದ ಬರುವ ಜ್ವರ

ಇದನ್ನು ಜನರು ಇಲಿಜ್ವರವೆಂದೂ, ವೈದ್ಯರು ಲೆಪ್ಟೊಸ್ಪೈರೋಸಿಸ್ ಎಂದೂ ಕರೆಯುವರು. ಕರ್ನಾಟಕದಲ್ಲಿ ಇದು ವರ್ಷವರ್ಷವೂ ಕಂಡುಬರುತ್ತದೆ. ಇದರ ಸೂಕ್ಷ್ಮಾಣುವು ಇಲಿಯ ಮೂತ್ರದೊಡನೆ ಹೊರಬಿದ್ದು, ಒದ್ದೆ ಮಣ್ಣಿನಲ್ಲಿಯೂ ನಿಂತ ನೀರಿನಲ್ಲಿಯೂ ವಾರಗಟ್ಟಲೆ ಬದುಕಿರುವುದು. ಕಾಲಿನ ಬಿರುಕು, ಗಾಯ, ಕಣ್ಣು ಬಾಯಿಗಳ ಮೂಲಕ ದೇಹವನ್ನು ಸೇರುವುದು. ದನಗಳಿಗೂ ಇದು ತಗುಲಿ ಗರ್ಭಪಾತವಾಗುವುದುಂಟು. ಅಂಥ ದನದ ಮೂತ್ರದಿಂದಲೂ ಮನುಷ್ಯರಿಗೆ ಅಪಾಯವಿದೆ. ಈ ಸೂಕ್ಷ್ಮಾಣುವನ್ನು 1915ರ ಸುಮಾರಿಗೆ ಜಪಾನಿನ ವೈದ್ಯರು ಕಂಡುಹಿಡಿದರು. ಅಲ್ಲಿ ಕಲ್ಲಿದ್ದಲಿನ ಗಣಿಗಳ ಆಳುಗಳು ಈ ಜ್ವರದಿಂದ ಬಹಳವಾಗಿ ನರಳುತ್ತಿದ್ದರು. ಆದುದರಿಂದ ಕಾಗಿಣಾ ನದಿಯ ದಂಡೆಯ ಎರೆ ಹೊಲಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರಷ್ಟೇ ಅಲ್ಲ, ಮಳೆನೀರು ನಿಂತ ಕಲ್ಲುಗಣಿಗಳಲ್ಲಿ ಇಳಿಯುವವರೂ ಎಚ್ಚರದಿಂದಿರತಕ್ಕದ್ದು.

ಧೂಳಿನಿಂದ ಬರುವ ಜ್ವರ

ಇದಕ್ಕೆ ಕಾರಣ ಹಂಟಾ ಎಂಬ ವೈರಾಣು. ಒಣಗಿದ ಹಿಕ್ಕೆ ಮೂತ್ರಗಳ ಧೂಳು ಉಸಿರಿನೊಡನೆ ಒಳಹೊಕ್ಕಾಗ ಇದು ತಗುಲುವುದು. 1950ರಿಂದ 1953ರ ವರೆಗೆ ನಡೆದ ಕೊರಿಯಾ ಯುದ್ಧದಲ್ಲಿ ಸಾವಿರಾರು ಸೈನಿಕರು ಇದರಿಂದ ಕಾಯಿಲೆ ಬಿದ್ದರು. ನಮ್ಮ ದೇಶದಲ್ಲಿಯೇ 1964ರಲ್ಲಿ ವೆಲ್ಲೂರಿನ ಸುಂಡಿಲಿಯೊಂದರಲ್ಲಿ ಈ ಜಾತಿಯ ವೈರಾಣು ದೊರೆಯಿತು. ಆ ವೈರಾಣು ಮನುಷ್ಯರಿಗೆ ರೋಗ ತರುವುದೆಂದು ಸಿದ್ಧವಾಗಿಲ್ಲ. ಆದರೂ ಮುಂದೆ ದಕ್ಷಿಣ ಭಾರತದ ಉಗ್ರಾಣಗಳ ಕೆಲಸಗಾರರ ರಕ್ತದಲ್ಲಿ ಹಂಟಾ ಸೋಂಕಿನ ಗುರುತುಗಳು ಕಂಡುಬಂದಿವೆ. ಕಣಜದ ಧೂಳನ್ನು ಅಲಕ್ಷ್ಯ ಮಾಡಲಾಗದೆಂಬುದಕ್ಕೆ ಇಷ್ಟು ಸಾಕು.

ಲಕ್ಷಣಗಳು

ಇಲಿಜ್ವರದಲ್ಲಿ ಚಳಿಜ್ವರ, ತಲೆನೋವು, ಮೀನಖಂಡಗಳ ಕಡುನೋವು, ಕಣ್ಣು ಕೆಂಪಾಗುವಿಕೆ ಇವು ಮೊದಲ ಚಿಹ್ನೆಗಳು. ಉಲ್ಬಣಿಸಿದರೆ ಕಾಮಾಲೆಯಾಗಿ ಮೂತ್ರ ಕಡಿಮೆಯಾಗುವುದು. ಇದಕ್ಕೆ ಒಳ್ಳೆಯ ಔಷಧಗಳುಂಟು. ಆದರೆ ಬೇಗನೆ ಕೊಟ್ಟರೆ ಗುಣ ಹೆಚ್ಚು. ಹಂಟಾ ಜ್ವರವು ಮೂತ್ರಪಿಂಡಗಳನ್ನು ಅಥವಾ ಶ್ವಾಸಕೋಶಗಳನ್ನು ಕೆಡಿಸುವುದು. ಅದಕ್ಕೆ ನಿಶ್ಚಿತ ಔಷಧವಿಲ್ಲವಾದುದರಿಂದ ಮುಂಜಾಗ್ರತೆಯೇ ಪ್ರಧಾನ. ರೋಗಿಯು ಹೊಲದಲ್ಲಿಯೋ ಕಣಜದಲ್ಲಿಯೋ ಕೆಲಸ ಮಾಡಿದ್ದನೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಮಾಡತಕ್ಕ ಕೆಲಸಗಳು

1. ಮುಚ್ಚಿದ ಕಣಜವನ್ನು ತೆರೆದೊಡನೆ ಗುಡಿಸಬಾರದು. ಕದ ಕಿಟಕಿಗಳನ್ನು ತೆರೆದು ಅರ್ಧ ಗಂಟೆ ಗಾಳಿಯಾಡಿಸಬೇಕು. ಧಾನ್ಯವನ್ನು ತೆಗೆದ ಬಳಿಕ ಹಿಕ್ಕೆಗಳ ಮೇಲೆ ಬ್ಲೀಚಿಂಗ್ ಪುಡಿಯ ನೀರನ್ನು ಚಿಮುಕಿಸಿ, ನೆನೆದ ಮೇಲೆ ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು. ಮೂಗು ಬಾಯಿಗೆ ಬಟ್ಟೆ, ಕೈಗೆ ರಬ್ಬರಿನ ಚೀಲ ಇರಬೇಕು.

2. ಕಣಜದ ನೆಲಕ್ಕೆ ಶಹಾಬಾದ ಪರಸಿಯನ್ನು ಹಾಸಿ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿದರೆ ಇಲಿ ಬಿಲ ತೋಡಲಾರದು. ಚೀಲಗಳನ್ನು ಗೋಡೆಯಿಂದ ದೂರದಲ್ಲಿ, ಹಲಗೆಗಳ ಮೇಲೆ ಒಟ್ಟಬೇಕು.

3. ಕಾಲಿಗೆ ಗಾಯವುಳ್ಳ ಆಳನ್ನು ನಿಂತ ನೀರಿಗೆ ಇಳಿಸಬಾರದು. ಉಳಿದವರಿಗೆ ರಬ್ಬರಿನ ಬೂಟುಗಳನ್ನು ಕೊಡಿಸುವುದು ಮಾಲಿಕರ ಕರ್ತವ್ಯ. ಕುಡಿಯುವ ನೀರನ್ನು ಮುಚ್ಚಿ ಇಡಬೇಕು.

4. ಒಬ್ಬನೇ ಇಲಿ ಕೊಂದರೆ ನೆರೆಯ ಹೊಲದವು ಬಂದು ಸೇರುವುವು. ಮೂರು ವಾರಗಳ ಗರ್ಭದಲ್ಲಿಯೇ ಅವು ಮರಿ ಹಾಕುವುವು. ಊರೆಲ್ಲ ಕೂಡಿ ಒಂದೇ ದಿನ ಕೆಲಸ ನಡೆಸಬೇಕು. ಮೊದಲೆರಡು ದಿನ ವಿಷವಿಲ್ಲದ ತಿಂಡಿಯಿಟ್ಟು ರೂಢಿಮಾಡಿಸಿ, ಬಳಿಕ ರೈತ ಸಂಪರ್ಕ ಕೇಂದ್ರದ ಸಲಹೆಯಂತೆ ವಿಷದ ತಿಂಡಿ ಇಡುವುದು. ಮಕ್ಕಳೂ ದನಕರುಗಳೂ ಅದರ ಬಳಿ ಸುಳಿಯದಂತೆ ಕಾಯಬೇಕು. ಸತ್ತ ಇಲಿಗಳನ್ನು ಬರಿಗೈಯಿಂದ ಮುಟ್ಟದೆ ಆಳವಾಗಿ ಹೂಳಬೇಕು.

ಈ ಉಪಾಯಗಳಲ್ಲಿ ಹೆಚ್ಚಿನವಕ್ಕೆ ಬೇಕಾದುದು ದೊಡ್ಡ ಹಣವಲ್ಲ, ಊರಿನ ಒಕ್ಕಟ್ಟು. ಮಳೆಗಾಲಕ್ಕೆ ಮುನ್ನ ಗ್ರಾಮದ ಮುಖಂಡರು ಜನರನ್ನು ಸೇರಿಸಿ ದಿನವನ್ನು ಗೊತ್ತುಮಾಡಿ, ಮೊದಲು ತಮ್ಮ ಕಣಜಗಳನ್ನೇ ಶುದ್ಧಿಮಾಡಿಸಿ ತೋರಿಸಿದರೆ ಉಳಿದವರು ತಾವಾಗಿಯೇ ಅನುಸರಿಸುವರು.