ದೋಣಿಯಲ್ಲೇ ವಾಸಿಸುವವರಿಗೆ ಹವಾಮಾನ ಮುನ್ನೆಚ್ಚರಿಕೆ: ದಡದ ಲೆಕ್ಕ, ಕಡಲಿನ ಲೆಕ್ಕ

ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರ ಮೊದಲಾದ ಬಂದರುಗಳಿಂದ ಹೊರಡುವ ಆಳಸಮುದ್ರ ಮೀನುಗಾರಿಕಾ ದೋಣಿಗಳಲ್ಲಿ ಹಲವು ಒಮ್ಮೆ ಹೋದರೆ ವಾರ, ಹತ್ತು ದಿನ ದಡಕ್ಕೆ ಮರಳುವುದಿಲ್ಲ. ಅಷ್ಟು ದಿನವೂ ಅಡುಗೆ, ಊಟ, ನಿದ್ರೆ ಎಲ್ಲವೂ ದೋಣಿಯಲ್ಲೇ. ಒಡಿಶಾ, ಆಂಧ್ರಪ್ರದೇಶ, ಜಾರ್ಖಂಡ್‌ನಿಂದ ಬಂದ ಕಾರ್ಮಿಕರು ದೋಣಿ ಬಂದರಿನಲ್ಲಿ ನಿಂತಿದ್ದಾಗಲೂ ಅದರಲ್ಲೇ ತಂಗುವುದುಂಟು. ಇವರ ಹೆಸರು ಗ್ರಾಮ ಪಂಚಾಯಿತಿಯ ಮನೆಪಟ್ಟಿಯಲ್ಲಿ ಇರುವುದಿಲ್ಲ, ಮತದಾರರ ಪಟ್ಟಿಯಲ್ಲಿಯೂ ಇರುವುದಿಲ್ಲ. ಚಂಡಮಾರುತದ ಮುನ್ನೆಚ್ಚರಿಕೆ ಬಂದಾಗ ಮನೆಮನೆಗೆ ತಿಳಿಸುವ ವ್ಯವಸ್ಥೆಯು ಇಂತಹವರನ್ನು ತಲುಪದೆ ಉಳಿಯುವುದು ಈ ಕಾರಣದಿಂದಲೇ.

ಭಾರತೀಯ ಹವಾಮಾನ ಇಲಾಖೆಯು ಕರಾವಳಿಯಲ್ಲಿ ಪ್ರತಿಕೂಲ ಹವೆ ಆರಂಭವಾಗುವುದಕ್ಕೆ ಕನಿಷ್ಠ 48 ಗಂಟೆ ಮೊದಲು ಚಂಡಮಾರುತದ ಜಾಗೃತಿ ಸೂಚನೆಯನ್ನೂ 24 ಗಂಟೆ ಮೊದಲು ಎಚ್ಚರಿಕೆಯನ್ನೂ ಹೊರಡಿಸುತ್ತದೆ. ಇಲ್ಲಿ ಗಮನಿಸತಕ್ಕ ಪದ ‘ಕರಾವಳಿಯಲ್ಲಿ’ ಎಂಬುದು. ಈ ಗಂಟೆಗಳನ್ನು ಎಣಿಸಿರುವುದು ದಡಕ್ಕೆ. ಅರಬ್ಬಿ ಸಮುದ್ರದ ಬಿರುಗಾಳಿಯು ದಡಕ್ಕಿಂತ ಮೊದಲು ತಲುಪುವುದು ಆಳಸಮುದ್ರದ ದೋಣಿಗಳನ್ನು.

ಒಂದು ದೋಣಿಯು ದಡದಿಂದ 100 ನಾಟಿಕಲ್ ಮೈಲಿ, ಎಂದರೆ ಸುಮಾರು 185 ಕಿ.ಮೀ. ದೂರದಲ್ಲಿದೆ ಎಂದುಕೊಳ್ಳಬಹುದು. ಗಂಟೆಗೆ 8 ನಾಟಿಕಲ್ ಮೈಲಿ ವೇಗದಲ್ಲಿ ಅದು ಮರಳಲು ಹನ್ನೆರಡೂವರೆ ಗಂಟೆ ಬೇಕು. ಅಲೆಗಳೆದ್ದು ವೇಗವು 5ಕ್ಕೆ ಇಳಿದರೆ ಅದೇ ದೂರಕ್ಕೆ 20 ಗಂಟೆ. ಬಲೆ ಎಳೆದುಕೊಳ್ಳುವ ಸಮಯವು ಇದರ ಮೇಲೆ. ಹೀಗಾಗಿ ದಡದಲ್ಲಿ ಧಾರಾಳವೆನಿಸುವ 24 ಗಂಟೆಯು ಕಡಲಿನಲ್ಲಿ ಸಾಲದೆ ಹೋಗಬಹುದು.

2017ರ ನವೆಂಬರ್ 29ರಂದು ಶ್ರೀಲಂಕಾದ ಸಮೀಪ ವಾಯುಭಾರ ಕುಸಿತವಾಗಿದ್ದದ್ದು ಮರುದಿನವೇ ಒಖಿ ಚಂಡಮಾರುತವಾಯಿತು. ಆ ವೇಳೆಗೆ ಕೇರಳ, ತಮಿಳುನಾಡಿನ ಅನೇಕ ದೋಣಿಗಳು ಮೊಬೈಲ್ ಸಂಪರ್ಕದ ಬಹಳ ಆಚೆ ಇದ್ದವು. ಹೊರಡುವಾಗ ಅವರಿಗೆ ಯಾವ ಎಚ್ಚರಿಕೆಯೂ ಇರಲಿಲ್ಲ. ನೂರಾರು ಮೀನುಗಾರರು ಮರಳಲಿಲ್ಲ. 2021ರ ಮೇ ತಿಂಗಳ ತೌಕ್ತೆಯದು ಬೇರೆಯೇ ಸಂಗತಿ. ಅದರ ಮುನ್ಸೂಚನೆಯು ದಿನಗಳ ಮೊದಲೇ ಲಭ್ಯವಿತ್ತು. ಆದರೂ ಮುಂಬಯಿಯಾಚೆ ಲಂಗರು ಹಾಕಿದ್ದ, 261 ಮಂದಿ ವಾಸವಿದ್ದ ಪಿ-305 ಎಂಬ ವಸತಿ ಬಾರ್ಜ್ ಲಂಗರು ಕಳಚಿ ತೇಲಿಹೋಗಿ ಮೇ 17ರಂದು ಮುಳುಗಿತು. ಅರವತ್ತಕ್ಕೂ ಹೆಚ್ಚು ಮಂದಿ ಸತ್ತರು. ಲಂಗರು ಹಾಕಿದ ನೌಕೆಯು ಸುರಕ್ಷಿತ ಮನೆಯೆಂಬ ಭಾವನೆ ಎಷ್ಟು ದುರ್ಬಲವೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಸದಸ್ಯರ ಮೊಬೈಲಿಗೆ ಬರುವ ಹಳದಿ, ಕಿತ್ತಳೆ, ಕೆಂಪು ಬಣ್ಣದ ಜಿಲ್ಲಾವಾರು ಸೂಚನೆಗಳು ಮುಖ್ಯವಾಗಿ ನೆಲದ ಮೇಲಿನ ಮಳೆ ಗಾಳಿಗೆ ಸಂಬಂಧಿಸಿದವು. ಜಿಲ್ಲೆಯು ಹಸಿರಿನಲ್ಲಿದ್ದ ದಿನವೂ ಕಡಲು ಪ್ರಕ್ಷುಬ್ಧವಾಗಿರಬಹುದು. ಮೀನುಗಾರರಿಗೆಂದೇ ಇಲಾಖೆಯು ಹೊರಡಿಸುವ ಪ್ರತ್ಯೇಕ ಸೂಚನೆಯನ್ನೂ, ಅಲೆಗಳ ಎತ್ತರ ಕುರಿತು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯು ನೀಡುವ ಮಾಹಿತಿಯನ್ನೂ ನೋಡತಕ್ಕದ್ದು. ಅವುಗಳಲ್ಲಿ ‘ಚಂಡಮಾರುತ’ ಎಂಬ ಪದಕ್ಕಾಗಿ ಕಾಯುವುದು ತಪ್ಪು. ಗಾಳಿಯು ಗಂಟೆಗೆ 62 ಕಿ.ಮೀ. ತಲುಪಿದ ಮೇಲಷ್ಟೇ ಆ ಹೆಸರು. 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗವು 30ರಿಂದ 60 ಕಿ.ಮೀ.ಗೆ ಏರಿದರೆ ದೋಣಿಯ ಮೇಲಿನ ಬಲವು ನಾಲ್ಕು ಪಟ್ಟಾಗುತ್ತದೆ. ಸಣ್ಣ ದೋಣಿಗೆ ಕುಸಿತವೇ ಸಾಕು.

ಮೊಬೈಲ್ ಸಂಪರ್ಕವು ದಡದಿಂದ ಕೆಲವೇ ಮೈಲಿಗಳಲ್ಲಿ ಕಡಿದುಹೋಗುತ್ತದೆ. ವಿ.ಎಚ್.ಎಫ್. ರೇಡಿಯೊ ಅದಕ್ಕಿಂತ ದೂರ ತಲುಪುತ್ತದೆ. ಅದರ 16ನೇ ಚಾನೆಲ್ ಸದಾ ತೆರೆದಿರಬೇಕು, ಇಂಜಿನ್ ಸದ್ದಿನಲ್ಲಿ ಕೇಳುವುದಿಲ್ಲವೆಂದು ಆರಿಸಿಡುವ ರೂಢಿ ಬಿಡಬೇಕು. ಇನ್ನೂ ಆಚೆಗೆ ಉಪಗ್ರಹ ಆಧಾರಿತ ಸಾಧನವೇ ಗತಿ. ಇಸ್ರೊ ಅಭಿವೃದ್ಧಿಪಡಿಸಿದ ಟ್ರಾನ್ಸ್‌ಪಾಂಡರ್ ಎರಡೂ ಕಡೆಗೆ ಸಂದೇಶ ಸಾಗಿಸಬಲ್ಲದು, ದೋಣಿಯಿಂದ ಆಪತ್ತಿನ ಕರೆಯನ್ನೂ ಕಳುಹಿಸಬಲ್ಲದು. ಅದನ್ನು ಅಳವಡಿಸಿದರಷ್ಟೇ ಸಾಲದು. ರಾತ್ರಿ ಎಲ್ಲರೂ ಮಲಗಿದಾಗ ಬಂದ ಸಂದೇಶವನ್ನು ಓದಲು ಒಬ್ಬರು ಎಚ್ಚರವಿರಬೇಕು. ಯಾವ ಸಾಧನವೂ ಇಲ್ಲದ ದೋಣಿಗೆ ವಾಯುಭಾರ ಮಾಪಕವಾದರೂ ಇರಲಿ. ನಮ್ಮ ಕಡಲಿನಲ್ಲಿ ವಾಯುಭಾರವು ದಿನಕ್ಕೆರಡು ಬಾರಿ, ಬೆಳಗ್ಗೆ ಮತ್ತು ರಾತ್ರಿ ಸುಮಾರು 10 ಗಂಟೆಗೆ ಏರಿ, ಬೆಳಗಿನ ಜಾವ ಮತ್ತು ಸಂಜೆ ಸುಮಾರು 4ಕ್ಕೆ ಇಳಿಯುತ್ತದೆ. ಏರಬೇಕಾದ ಹೊತ್ತಿನಲ್ಲೂ ಅದು ಇಳಿಯುತ್ತಿದ್ದರೆ, ಗಾಳಿಯಿಲ್ಲದೆಯೇ ಉದ್ದನೆಯ ಅಲೆಗಳು ಬರತೊಡಗಿದರೆ, ಬಲೆ ಎತ್ತುವುದು ಲೇಸು.

ಹಾಗೆಂದು ಎಲ್ಲ ದೋಣಿಗಳೂ ತಮ್ಮ ಬಂದರಿಗೇ ಓಡಿ ಬರಬೇಕೆಂದಿಲ್ಲ. ಅಳಿವೆಯ ಬಾಯಿಯಲ್ಲಿ ಹೂಳು ತುಂಬಿ ಅಲೆ ಒಡೆಯುತ್ತಿರುವಾಗ ಒಳಬರುವ ಯತ್ನವೇ ದೋಣಿ ಮಗುಚಲು ಕಾರಣವಾಗುತ್ತದೆ. ಬಿರುಗಾಳಿಯ ಕಾಲದಲ್ಲಿ ಹೊರರಾಜ್ಯದ ದೋಣಿಗಳೂ ಕಾರವಾರದ ಸಹಜ ಬಂದರಿನ ಆಸರೆ ಪಡೆಯುವುದು ವಾಡಿಕೆ. ಯಾವ ಆಸರೆ ಎಷ್ಟು ದೂರವೆಂಬುದನ್ನು ಹೊರಡುವ ಮೊದಲೇ ತಾಂಡೇಲರು ತೀರ್ಮಾನಿಸಿರಬೇಕು.

ಪಂಚಾಯಿತಿಯ ಪಾತ್ರ ಇಲ್ಲಿದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಮುಗಿದು ದೋಣಿಗಳು ಇಳಿಯುವ ಮುನ್ನವೇ, ಮೀನುಗಾರರ ಸಂಘ ಹಾಗೂ ಮೀನುಗಾರಿಕೆ ಇಲಾಖೆಯೊಡನೆ ಸೇರಿ ಒಂದು ವಹಿ ತೆರೆಯಬಹುದು: ಯಾವ ದೋಣಿ, ಯಾವ ದಿನ ಹೊರಟಿತು, ಎಷ್ಟು ಜನ, ಮರಳುವ ದಿನ ಯಾವುದು, ದಡದಲ್ಲಿ ಯಾರನ್ನು ಸಂಪರ್ಕಿಸಬೇಕು. ಕೊನೆಯ ಅಂಕಣವಾಗಿ ಸಿಬ್ಬಂದಿಗೆ ತಿಳಿಯುವ ಭಾಷೆ. ಒಡಿಯಾ ಮಾತ್ರ ಬಲ್ಲ ಕಾರ್ಮಿಕನಿಗೆ ಕನ್ನಡದ ಧ್ವನಿವರ್ಧಕ ಬರಿಯ ಸದ್ದು. ಆ ಭಾಷೆ ಬಲ್ಲವರೊಬ್ಬರಿಂದ ಅರ್ಧ ನಿಮಿಷದ ಧ್ವನಿಮುದ್ರಣ ಮಾಡಿಸಿಟ್ಟುಕೊಳ್ಳುವುದು ಕಷ್ಟವಲ್ಲ. ಕರಾವಳಿ ರಕ್ಷಣಾ ಪಡೆಯ 1554 ಮತ್ತು ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳನ್ನು ದೋಣಿಯ ಚಾಲಕನ ಕೋಣೆಯಲ್ಲಿ ಬಣ್ಣದಲ್ಲಿ ಬರೆಸಬೇಕು.

ಬಂದರಿನಲ್ಲಿ ಕಟ್ಟಿದ ದೋಣಿಗಳಲ್ಲಿ ಮಲಗುವವರಿಗೆ ಬಿರುಗಾಳಿಯ ರಾತ್ರಿ ತಂಗಲು ಶಾಲೆ, ಸಮುದಾಯ ಭವನ ಅಥವಾ ಚಂಡಮಾರುತ ಆಶ್ರಯ ಕಟ್ಟಡವನ್ನು ಮೊದಲೇ ಗೊತ್ತುಪಡಿಸಿ, ಬೀಗದ ಕೈ ಯಾರ ಬಳಿ ಇರುತ್ತದೆಂಬುದನ್ನು ಅದೇ ವಹಿಯ ಮೊದಲ ಪುಟದಲ್ಲಿ ಬರೆದಿಡತಕ್ಕದ್ದು.